ನೀಲವ್ವನ ಕ್ಲಾಸಿಗೆ ಬಂದ ಹಡಗು

ನೀಲವ್ವ ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಅವಳ ಮಾತು ಬಂದರೆ ಅಮೆರಿಕದ ಈ ಯೂನಿಯನ್ ಸಿಟಿಯ ಕನ್ನಡಿಗರು ಮೊದಲು ನಗುತ್ತಾರೆ, ಆಮೇಲೆ ಕಣ್ಣು ಒರೆಸಿಕೊಳ್ಳುತ್ತಾರೆ. ನಗುವುದು ಹೆಚ್ಚಾಗಿ ಆ ಹಡಗಿನ ನಾಟಕ ನೆನೆದು.

ಅದು ಎಂಬತ್ನಾಲ್ಕನೇ ಇಸವಿ. ಹುಬ್ಬಳ್ಳಿಯಲ್ಲಿ ಇತಿಹಾಸದ ಟೀಚರಾಗಿದ್ದ ನೀಲವ್ವನಿಗೆ ಇಲ್ಲಿಯ ಶಾಲೆಯೊಂದರಲ್ಲಿ ಐದನೇ ತರಗತಿ ಸಿಕ್ಕಿತ್ತು, ಒಂದು ವರ್ಷದ ಮಟ್ಟಿಗೆ. ಅವಳನ್ನು ಮುಂದುವರಿಸುವುದೋ ಬಿಡುವುದೋ ಎಂಬುದನ್ನು ಪ್ರಿನ್ಸಿಪಾಲರು ಒಂದು ಪಾಠ ಕೂತು ನೋಡಿ ತೀರ್ಮಾನಿಸುವವರಿದ್ದರು. ಪಾಠ, ಅಮೆರಿಕದ ಮೂಲನಿವಾಸಿಗಳು ಮತ್ತು ಹಡಗಿನಲ್ಲಿ ಬಂದ ಅನ್ವೇಷಕರು.

ಪುಸ್ತಕ ಓದುತ್ತ ಅವಳು ಅಡಿಗೆಮನೆಯಲ್ಲೇ ದಂಗಾಗಿ ನಿಂತಳು.

"ರೀ, ಶೇಂಗಾ ಈ ಮೂಲನಿವಾಸಿಗಳದಂತ್ರಿ. ಮೆಣಸಿನಕಾಯಿನೂ ಇವರದ, ಗೋವಿನಜೋಳನೂ ಇವರದ."

ಗಂಡ ಶರಣಪ್ಪ ಟೀವಿಯಿಂದ ಕಣ್ಣು ಕೀಳಲಿಲ್ಲ. "ಹಂಗಾರ ನಿಮ್ಮವ್ವ ನಿನಗ ಏನು ಉಣಿಸ್ಯಾಳ?"

"ಇವರದ ಉಣಿಸ್ಯಾಳ. ಈಗ ನಾ ತಿರುಗಿ ಉಣಿಸಬೇಕು."

"ಮೊದಲ ನೌಕರಿ ಉಳಿಸ್ಕೋ."

ಅವಳು ಪಾಠವನ್ನು ನಾಟಕ ಮಾಡಿದಳು. ಅರ್ಧ ಕ್ಲಾಸು ದ್ವೀಪದ ಮೂಲನಿವಾಸಿಗಳು, ಅರ್ಧ ಹಡಗಿನವರು. ಬಂದವರಿಗೆ ದ್ವೀಪದವರು ಊಟ ಕೊಡಬೇಕು. ಕಪ್ತಾನನ ಪಾತ್ರದ ಹುಡುಗಿ ಮಿಷೆಲ್ ಬಾವುಟ ನೆಟ್ಟು "ಈ ನೆಲ ನಮ್ಮ ರಾಣಿಯದು" ಎನ್ನಬೇಕು. ಪುಸ್ತಕದಲ್ಲಿ ಊಟಕ್ಕೆ ಒಂದೇ ಸಾಲು ಇತ್ತು. ಅದು ನೀಲವ್ವನಿಗೆ ಸರಿಬರಲಿಲ್ಲ. ಸಾಕು ಅಂದವರು ಸಂಕೋಚಪಡುತ್ತಿದ್ದಾರೆಂದೇ ತಿಳಿಯಬೇಕು, ತಟ್ಟೆಗೆ ಕೈ ಅಡ್ಡ ಹಿಡಿದರೆ ಮೆಲ್ಲಗೆ ಕೈ ಸರಿಸಿ ಬಡಿಸಬೇಕು ಎಂದು ದ್ವೀಪದ ಮಕ್ಕಳಿಗೆ ಕಲಿಸಿದಳು. ಜೊತೆಗೆ ಕನ್ನಡದ ಒಂದು ಮಾತು.

ಪ್ರಿನ್ಸಿಪಾಲರು ಪಾಠ ನೋಡಲು ಬಂದು ಕೂತ ದಿನ ಕಾಗದದ ಟೋಪಿ ಹಾಕಿದ ಮಿಷೆಲ್ ದಡಕ್ಕಿಳಿದಳು. ದ್ವೀಪದ ಒಡತಿ ರೋಸಾ ಅವಳನ್ನು ನೆಲದ ಮೇಲೆ ಕೂರಿಸಿ ಗೋವಿನಜೋಳದ ರೊಟ್ಟಿ, ಎಣ್ಣೆ ಹಾಕಿದ ಖಾರದ ಚಟ್ನಿಪುಡಿ ಶೇಂಗಾ ಹಿಂಡಿ ಬಡಿಸಿದಳು. ಮಿಷೆಲ್ ತಿಂದು ಎದ್ದಳು.

"ಈ ನೆಲ..."

"ಇನ್ನೊಂದ್ ಚೂರ್ರಿ," ಎಂದು ಕಲಿತ ಕನ್ನಡದಲ್ಲೇ ಹೇಳಿ ರೋಸಾ ಅವಳ ಭುಜ ಅದುಮಿದಳು.

ಅತ್ತ ನಾವಿಕರಿಗೂ ಅದೇ ಗತಿ. ಖಾರಕ್ಕೆ ಮೂಗು ಸುರಿಯುತ್ತಿದ್ದರೂ ಒಬ್ಬರನ್ನೂ ಏಳಗೊಡಲಿಲ್ಲ.

ಪ್ರಿನ್ಸಿಪಾಲರು ಹಿಂದಿನಿಂದ ಕೇಳಿದರು. "ಮಿಸೆಸ್ ನೀಲಾ, ನೆಲ ವಶಪಡಿಸಿಕೊಳ್ಳೋದು ಯಾವಾಗ?"

"ಊಟ ಮುಗೀಲಿ ಸರ್."

ಅಷ್ಟರಲ್ಲಿ ಇಬ್ಬರು ದ್ವೀಪವಾಸಿಗಳು ಅವರ ಮುಂದೂ ತಟ್ಟೆ ಇಟ್ಟಿದ್ದರು. ಅವರು ಕೈ ಅಡ್ಡ ಹಿಡಿದರು. ಮಕ್ಕಳು ಮೆಲ್ಲಗೆ ಸರಿಸಿದರು. ಗಂಟೆ ಹೊಡೆದಾಗ ಪ್ರಿನ್ಸಿಪಾಲರ ಟೈ ಮೇಲೆ ಹಿಂಡಿಯ ಎಣ್ಣೆ ಇಳಿದಿತ್ತು, ಅಮೆರಿಕ ಇನ್ನೂ ಅಲ್ಲಿಯವರ ಕೈಯಲ್ಲೇ ಇತ್ತು.

"ಪಾಠ ಅರ್ಧಕ್ಕೇ ನಿಂತಿತು," ಎಂದರು ಅವರು. "ಉಳಿದದ್ದನ್ನು ಸೋಮವಾರ ನೋಡಿ ನನ್ನ ತೀರ್ಮಾನ ಹೇಳ್ತೇನೆ."

ಮನೆಯಲ್ಲಿ ಇದನ್ನು ಕೇಳಿ ಶರಣಪ್ಪ ಹಣೆ ಚಚ್ಚಿಕೊಂಡ. "ಬಂದ ಕೂಡ್ಲೆ ಆ ನೆಲದ ಮಾತು ಹೇಳಿಸಿಬಿಡಬೇಕಿತ್ತು."

"ಬಂದವರಿಗೆ ನೀರರ ಕೊಡೋದು ಬ್ಯಾಡೇನ್ರಿ?"

"ಅವರೇನು ಬೀಗರೇನ? ದೇಶ ನುಂಗಾಕ ಬಂದವರು."

ಸೋಮವಾರ ಊಟವಿರಲಿಲ್ಲ. ಮಿಷೆಲ್ ನೇರವಾಗಿ ನಡುವೆ ಬಂದು ಬಾವುಟ ನೆಟ್ಟಳು. ರೋಸಾಳ ಮುಖ ನೋಡಿದಳು.

"ನಾನು ಇವಳ ಮನೇಲಿ ತಿಂದಿದೀನಿ," ಎಂದಳು ನೀಲವ್ವನ ಕಡೆ ತಿರುಗಿ. "ಈಗ ಹೇಗೆ ಹೇಳಲಿ?"

ಪ್ರಿನ್ಸಿಪಾಲರು ಪೆನ್ನು ಹಿಡಿದು ಕಾಯುತ್ತಿದ್ದರು. ನೀಲವ್ವನ ನೌಕರಿ ಆ ಒಂದು ಮಾತಿನ ಮೇಲೆ ನಿಂತಿತ್ತು. ಅವಳು ಹುಡುಗಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ನಿಜವಾಗಿ ಬಂದವರೂ ಉಂಡಿದ್ದರು ಮಗಾ. ಉಂಡ ಮೇಲೇ ಹೇಳಿದರು. ಅದಕ್ಕೇ ನಾವು ಓದೋದು."

ಮಿಷೆಲ್ ಹೇಳಿದಳು, ಯಾರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ. ರೋಸಾ ಒಂದು ಹೆಜ್ಜೆ ಹಿಂದೆ ಸರಿದಳು. ಖಾರಕ್ಕೆ ಮೂಗು ಸುರಿಸಿದ್ದ ನಾವಿಕರು ತಲೆ ಎತ್ತಲಿಲ್ಲ.

ಪ್ರಿನ್ಸಿಪಾಲರು ಮಕ್ಕಳನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ನಿಂತು, "ಮುಂದಿನ ವರ್ಷವೂ ನಿಮಗೆ ಇದೇ ಕೋಣೆ ಆಗಬಹುದಾ?" ಎಂದರು.

"ಆಗ್ತದೆ ಸರ್. ಒಲೆ ಇರೋದು ಯಾವುದಾದರೂ ಇದ್ದರೆ ಇನ್ನೂ ಒಳ್ಳೇದು."

ಒಲೆಯ ಕೋಣೆ ಸಿಗಲಿಲ್ಲ. ವರ್ಷವರ್ಷವೂ ಮನೆಯಿಂದಲೇ ರೊಟ್ಟಿ ಬಡಿದು ಹೊತ್ತುಕೊಂಡು ಹೋಗಿ, ಹಾಸಿಗೆ ಹಿಡಿಯುವವರೆಗೂ ನೀಲವ್ವ ಅದೇ ಕೋಣೆಯಲ್ಲಿ ಕಲಿಸಿದಳು.