ಗಾಜಿನ ಜಾಡಿಯೊಳಗಿನ ಗಂಟೆ

ಇಂದು ಮುಂಜಾನೆ ಶಾಲೆಯ ಪ್ರಯೋಗದ ಕೋಣೆಯಲ್ಲಿ ರಬ್ಬರ್ ಬಿರಡೆಗೆ ತೂತು ಕೊರೆಯುತ್ತಿದ್ದೆ. ಕೊರೆಯುವಾಗ ರಬ್ಬರ್ ಬಿಸಿಯಾಗಿ ಒಂದು ವಾಸನೆ ಬರುತ್ತದೆ, ಸುಟ್ಟ ಚಪ್ಪಲಿಯಂಥದು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾನು ಮಾತ್ರ ಇಲ್ಲಿ ಉಮರ್ಗಾದಲ್ಲಿ ಕೂತವನು ಮನಸ್ಸಿನಲ್ಲೇ ಉದಗೀರಕ್ಕೆ ಹೋಗಿಬಿಟ್ಟಿದ್ದೆ, ಸಿದ್ರಾಮಪ್ಪ ಮಾಸ್ತರರ ಮಗ್ಗುಲಿಗೆ.

ಉದಗೀರ ಇನ್ನೂ ಬೀದರ ಜಿಲ್ಲೆಯಲ್ಲಿದ್ದ ಕಾಲ. ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮನ ಆಳ್ವಿಕೆ ಮುಗಿದು, ಶಾಲೆಯಲ್ಲಿ ಉರ್ದು ಹೋಗಿ ಮರಾಠಿ ಬಂದಿತ್ತು. ಮಾಸ್ತರರು ವಿಜ್ಞಾನ ಕಲಿಸುತ್ತಿದ್ದರು. ನಾನು ಅವರ ಕೈಕೆಳಗಿನ ಹೊಸಬ. ಅವರ ಅಣ್ಣಂದಿರದು ಪೇಟೆಯಲ್ಲಿ ಕಾಳಿನ ಅಂಗಡಿ. ತಕ್ಕಡಿ ಹಿಡಿಯಲಾರೆನೆಂದು ಮನೆಯಲ್ಲಿ ಜಗಳಾಡಿ ಶಾಲೆಗೆ ಬಂದವರು ಅವರು. ಆದರೆ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಇನ್ಸ್‌ಪೆಕ್ಟರ್ ಬಂದು ಪಾಠ ನೋಡಿ ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಮತ್ತೆ ತಕ್ಕಡಿ.

ತೋರಿಸಲು ಅವರು ಆರಿಸಿಕೊಂಡ ಪ್ರಯೋಗ ನಿಮಗೂ ಗೊತ್ತಿರಬಹುದು. ಗುಮ್ಮಟದಂಥ ಗಾಜಿನ ಜಾಡಿ, ಒಳಗೆ ತೂಗುಬಿಟ್ಟ ವಿದ್ಯುತ್ ಗಂಟೆ. ಪಂಪಿನಿಂದ ಗಾಳಿ ಎಳೆದಂತೆ ಸದ್ದು ಇಳಿಯುತ್ತ ಹೋಗಿ ಕಡೆಗೆ ನಿಲ್ಲಬೇಕು. ಗಂಟೆಯ ನಾಲಿಗೆ ಮಾತ್ರ ಬಡಿಯುತ್ತಲೇ ಇರಬೇಕು. ಹೊರಗಿನ ಸೆಲ್ಲಿನಿಂದ ತಂತಿ ಒಳಗೆ ಹೋಗಬೇಕು, ಅದರ ಜೊತೆ ಗಾಳಿ ಹೋಗಬಾರದು. ಅದನ್ನು ಹೇಗೆ ಮಾಡಬೇಕೆಂದು ನಮ್ಮ ಪುಸ್ತಕ ಹೇಳಿರಲಿಲ್ಲ.

ನಮ್ಮ ಜಾಡಿ ಸೋರುತ್ತಿತ್ತು. ಜಾಡಿಯ ಬಾಯಿಗಿಟ್ಟ ಬಿರಡೆಯಲ್ಲಿ ತಂತಿ ಹಾಯ್ದ ತೂತಿಗೆ ಮೇಣ ಮೆತ್ತಿದೆವು, ಅರಗು ಕಾಯಿಸಿ ಸುರಿದೆವು, ರಾಳ ಬೆರೆಸಿ ನೋಡಿದೆವು. ಯಾವ ದಿನ ಏನು ಮೆತ್ತಿದೆವು, ಸದ್ದು ಎಷ್ಟು ಇಳಿಯಿತು ಎಂದು ನಾನು ತಾರೀಖು ಹಾಕಿ ಡೈರಿಯಲ್ಲಿ ಬರೆಯುತ್ತಿದ್ದೆ. ಬರೆದಿಟ್ಟರೆ ಸೋರುವುದು ನಿಲ್ಲುತ್ತದೆಂದು ಎಲ್ಲೋ ನಂಬಿದ್ದೆನೆಂದು ಕಾಣುತ್ತದೆ.

"ನಿಮ್ಮ ಡೈರಿನೇ ಆ ತೂತಿನ್ಯಾಗ ತುರುಕ್ರಿ, ಗಾಳಿ ಬಂದ್ ಆಗ್ತದ," ಎನ್ನುತ್ತಿದ್ದರು ಮಾಸ್ತರರು.

ಇನ್ಸ್‌ಪೆಕ್ಟರ್ ಬಂದ ದಿನ ಅವರೇ ಪಂಪು ಹೊಡೆದರು. ಸದ್ದು ಸಣ್ಣದಾಯಿತು, ನಿಲ್ಲಲಿಲ್ಲ. ಹಿಂದಿನ ಬೆಂಚಿನವರೆಗೂ ಕಿಣಿಕಿಣಿ ಕೇಳುತ್ತಿತ್ತು. ಮಾಸ್ತರರು ಮಾತ್ರ ಜಾಡಿಗೆ ಕಿವಿಯಾನಿಸಿ, ಬೆವರು ಒರೆಸಿಕೊಂಡು, ನನ್ನ ಕಡೆ ನೋಡಿ ನಕ್ಕರು.

"ಮಾಸ್ತರ, ಆವಾಜ ಬಂದದಲ್ರೀ," ಎಂದರು ಇನ್ಸ್‌ಪೆಕ್ಟರ್ ಸಾಹೇಬರು.

"ಹೌದ್ರೀ ಸಾಹೇಬ್ರ. ಪೂರಾ ಬಂದ್."

ಹುಡುಗರು ನಕ್ಕರು. ನಮ್ಮ ಕಡೆ ಬಂದದ್ದಕ್ಕೂ ನಿಂತದ್ದಕ್ಕೂ ಒಂದು ಅಕ್ಷರದ ಅಂತರ. ಸಾಹೇಬರು 'ಬಂದದ' ಎಂದದ್ದು ಮಾಸ್ತರರಿಗೆ 'ಬಂದ್' ಎಂದು ಕೇಳಿತ್ತು. ಗಂಟೆಯಂತೂ ಕೇಳಿರಲೇ ಇಲ್ಲ. ಸಾಹೇಬರು ನಗಲಿಲ್ಲ. ಮಾಸ್ತರರ ಬೆನ್ನ ಹಿಂದೆ ಹೋಗಿ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದರು. ಮಾಸ್ತರರು ತಿರುಗಲಿಲ್ಲ, ಗೆದ್ದ ಮುಖದಿಂದ ಜಾಡಿಯನ್ನೇ ನೋಡುತ್ತಿದ್ದರು.

ಕಿವಿ ಮಂದವಾದವರಿಂದ ತರಗತಿ ನಡೆಯದು ಎಂದು ಹುಕುಂ ಬಂತು. ಅವರ ಪಾಠಗಳು ನನ್ನ ಪಾಲಿಗೆ ಬಂದವು. ಒಂದು ಸಂತೆಯ ದಿನ ಅಂಗಡಿಗೆ ಹೋದೆ. ಜೋಳದ ಚೀಲಗಳ ನಡುವೆ ಕೂತಿದ್ದರು. ಗಿರಾಕಿಗಳು ಅವರನ್ನು ದಾಟಿ ಅಣ್ಣನೊಡನೆ ಮಾತಾಡುತ್ತಿದ್ದರು. ನನ್ನನ್ನು ಹತ್ತಿರ ಕೂಡಿಸಿಕೊಂಡರು.

"ಅವತ್ತ ಆವಾಜ ಖರೇನೇ ಇತ್ತೇನ್ರೀ?"

ಹೌದೆಂದು ತಲೆಯಾಡಿಸಿದೆ. ಅವರು ಮಗ್ಗುಲ ಚೀಲದ ಬಾಯಿಯ ದಾರ ಬಿಗಿದರು.

"ನಾವು ಗೆದ್ದೀವಿ ಅಂತ ಅನಿಸಿತ್ತು ನನಗ."

ಸೋರಿಕೆ ಎಲ್ಲಿಯದೆಂದು ತಿಳಿದದ್ದು ಈ ವರ್ಷ, ಇಲ್ಲಿಗೆ ವರ್ಗವಾಗಿ ಬಂದ ಮೇಲೆ. ಬೇರೊಂದು ಪ್ರಯೋಗಕ್ಕೆಂದು ಜಾಡಿಯೊಳಗೆ ನೀರು ಬಿಡಲು ಬಿರಡೆಯಲ್ಲಿ ಗಾಜಿನ ನಳಿಕೆ ಕೂರಿಸಿ ಮೇಣ ಮೆತ್ತಿದ್ದೆ. ಅದರ ಸುತ್ತ ಗಾಳಿ ನುಸುಳಲಿಲ್ಲ. ಅಂದರೆ ಬಿರಡೆ ಸರಿ, ಮೇಣವೂ ಸರಿ; ತಪ್ಪು ಉದಗೀರದ ಆ ತಂತಿಯದು. ಎಳೆ ಎಳೆ ಹೊಸೆದು ಮೇಲೆ ನೂಲು ಸುತ್ತಿದ ತಂತಿ ಅದು. ನಾವು ಮೆತ್ತಿದ್ದೆಲ್ಲ ನೂಲಿನ ಮೇಲೆ, ಗಾಳಿ ನಡೆಯುತ್ತಿದ್ದುದು ನೂಲಿನ ಒಳಗೆ. ಡೈರಿಯಲ್ಲಿ ಮೇಣ, ಅರಗು, ರಾಳ ಎಲ್ಲ ಇತ್ತು. ತಂತಿ ಯಾವುದೆಂದು ಒಂದು ಕಡೆಯೂ ಇರಲಿಲ್ಲ.

ಬಿರಡೆ ದಾಟಲು ಹಿತ್ತಾಳೆಯ ಬರಿಯ, ಗಟ್ಟಿ ಸಲಾಕೆ ಬೇಕು. ತೂತು ಸಲಾಕೆಗಿಂತ ತುಸು ಚಿಕ್ಕದಿರಬೇಕು, ರಬ್ಬರ್ ಕಚ್ಚಿ ಹಿಡಿಯುವಷ್ಟು. ಎರಡು ಸಲಾಕೆ ಒಂದಕ್ಕೊಂದು ತಾಗಬಾರದು. ತಂತಿಗಳನ್ನು ಅವುಗಳ ತುದಿಗೆ ಕಟ್ಟಬೇಕು. ಗಂಟೆಯನ್ನು ರಬ್ಬರ್ ಪಟ್ಟಿಯಿಂದ ತೂಗುಬಿಡಬೇಕು, ಇಲ್ಲದಿದ್ದರೆ ಸದ್ದು ಸಲಾಕೆ ಹಿಡಿದೇ ಹೊರಬರುತ್ತದೆ. ಇಷ್ಟೇ ವಿದ್ಯೆ. ಆ ದಿನ ಜಾಡಿ ಸೋರದಿದ್ದರೆ ಮಾಸ್ತರರ ಕಿವಿಯ ಗುಟ್ಟೂ ಸೋರುತ್ತಿರಲಿಲ್ಲ.

ಮಧ್ಯಾಹ್ನ ಪಂಪು ಹೊಡೆದೆ. ಸದ್ದು ಇಳಿಯಿತು, ಇಳಿಯಿತು, ನಿಂತಿತು. ಜಾಡಿಯನ್ನು ಹುಲ್ಲಿನಲ್ಲಿ ಸುತ್ತಿ ಉದಗೀರದ ಬಸ್ಸಿಗೆ ಒಯ್ಯಬೇಕು, ಅಂಗಡಿಯಲ್ಲಿ ಅವರ ಮುಂದಿಟ್ಟು ತೋರಿಸಬೇಕು ಎಂದು ಎದ್ದೆ. ಹುಲ್ಲು ತರಲು ಹೋದವನು ಬಾಗಿಲಲ್ಲೇ ನಿಂತೆ. ಏನೆಂದು ತೋರಿಸಲಿ? ಸೋರುವ ಜಾಡಿಯೂ ಸೋರದ ಜಾಡಿಯೂ ಅವರ ಕಿವಿಗೆ ಒಂದೇ.

ತಿರುಗಿ ಬಂದು ಕುರ್ಚಿಯಲ್ಲಿ ಕೂತೆ. ಗಾಜಿನೊಳಗೆ ಗಂಟೆ ಬಡಿಯುತ್ತಲೇ ಇತ್ತು.