ರೈಟಣ್ಣನ ಜೇಬಿನಲ್ಲಿ ಹೋದ ಇಂಟರ್ನೆಟ್

ಬಸ್ಸಿನಲ್ಲಿ ದುಡಿದಷ್ಟು ಕಾಲವೂ ಅವರು ಕೂತವರಲ್ಲ. ಕಂಡಕ್ಟರಿಗೆಂದು ಬಾಗಿಲ ಪಕ್ಕ ಒಂದು ಸೀಟೇನೋ ಇತ್ತು. ಅದರಲ್ಲಿ ಯಾವಾಗಲೂ ಒಬ್ಬ ಬಸುರಿಯೋ ಮಂಡಿನೋವಿನ ಅಜ್ಜನೋ ಇರುತ್ತಿದ್ದರು. ಕಂಬಿಗೆ ಸೊಂಟ ಆನಿಸಿ, 'ಹೋಲ್ಡಾನ್' ಎಂದು ನಿಲ್ಲಿಸಿ, 'ರೈಟ್, ರೈಟ್' ಎಂದು ಹೊರಡಿಸಿ ಆಯುಸ್ಸಿನ ಮುಕ್ಕಾಲು ಪಾಲು ಸರಿದಿತ್ತು. ನಿವೃತ್ತಿಯಾದಾಗ ಬಸ್ಸು ಡಿಪೋದಲ್ಲಿ ಉಳಿಯಿತು, ತೂಗಾಟ ಅವರ ಕಾಲಲ್ಲಿ ಉಳಿಯಿತು. ಬಾಗಿಲಿಗೆ ಹೋಗಿ ಬೀದಿ ನೋಡುವುದು, ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡುವುದು, ಮತ್ತೆ ಬಾಗಿಲು. ಬೀದಿಯವರು ರೈಟಣ್ಣ ಎಂದೇ ಕರೆಯುತ್ತಿದ್ದರು.

ಮನೆ ಮಾತ್ರ ನಿಶ್ಶಬ್ದ. ಹೆಂಡತಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಹೊಲಿಗೆ ಅವಳ ಕಸುಬು, ಕೈ ಅವಳ ಮಾತು. ಮಗಳು ತೊಟ್ಟಿಲಲ್ಲೇ ಆ ಕೈಮಾತು ಕಲಿತಿದ್ದಳು. ನಾಲಿಗೆ ಹೊರಳಿದ್ದು ಆಮೇಲೆ. ರೈಟಣ್ಣನಿಗೂ ಬರುತ್ತಿತ್ತು, ಆದರೆ ಅವರದು ಓಡುವ ಬಸ್ಸಿನ ಅವಸರದ ಕೈಮಾತು. ಅರ್ಧ ಹೇಳುವಷ್ಟರಲ್ಲಿ ಮುಖ ಬಾಗಿಲ ಕಡೆ ತಿರುಗಿರುತ್ತಿತ್ತು.

ಅಂದು ಬೆಳಿಗ್ಗೆ ಮಗಳಿಗೆ ಸಂದರ್ಶನ. ಕಿವಿ ಕೇಳದ ರೋಗಿಗಳ ಕೈಮಾತನ್ನು ಡಾಕ್ಟರಿಗೆ ಬಾಯಲ್ಲಿ ಹೇಳುವ, ಡಾಕ್ಟರ ಮಾತನ್ನು ರೋಗಿಗಳಿಗೆ ಕೈಯಲ್ಲಿ ತಿಳಿಸುವ ಕೆಲಸ. ಎಲ್ಲವೂ ಮನೆಯಿಂದ, ಕಂಪ್ಯೂಟರಿನಲ್ಲೇ. ಹೋದ ಸಲ ಅವಳ ಹಳೆಯ ಫೋನಿನ ಇಂಟರ್ನೆಟ್ ಕೈಕೊಟ್ಟು, ತೆರೆಯ ಮೇಲೆ ಅವಳ ಕೈ ಗಾಳಿಯಲ್ಲೇ ಕಲ್ಲಾಗಿ ನಿಂತಿತ್ತು. ಸಂದರ್ಶನದವರು ಕನಿಕರಿಸಿ ಇನ್ನೊಮ್ಮೆ ಕರೆದಿದ್ದರು. ಈ ಸಲ ತಪ್ಪಿದರೆ ಮತ್ತೆ ಕರೆಯುವುದಿಲ್ಲ ಎಂದೂ ಹೇಳಿದ್ದರು.

ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದುದು ಅಪ್ಪನ ಫೋನಿಗೆ, ಅದೂ ಮುಂದಿನ ಕೋಣೆಯ ಕಿಟಕಿಯಲ್ಲಿ.

"ಹಾಟ್‌ಸ್ಪಾಟ್ ಆನ್ ಮಾಡಿದೀನಿ ಅಪ್ಪ. ಫೋನು ಇಲ್ಲೇ ಇರಲಿ, ಮುಟ್ಟಬೇಡ."

"ಮುಟ್ಟಲ್ಲ."

"ಯಾರಾದ್ರೂ ಫೋನ್ ಮಾಡಿದ್ರೆ ಕಟ್ ಮಾಡು."

"ಮುಟ್ಟದೆ ಕಟ್ ಮಾಡೋದು ಹೆಂಗಮ್ಮ?"

"ಅಪ್ಪಾ!"

"ಆಯ್ತಾಯ್ತು. ಅಂದ್ರೆ ನನ್ನ ಫೋನು ಬಸ್ಸು, ನಿನ್ನ ಕಂಪ್ಯೂಟರ್ ಪ್ಯಾಸೆಂಜರು. ನಡುವೆ ವೈರೂ ಇಲ್ಲ, ಹಗ್ಗಾನೂ ಇಲ್ಲ."

"ಹೂಂ. ಬಸ್ಸು ಹೊರಟ್ರೆ ನಾನು ಕೆಳಗೆ ಬೀಳ್ತೀನಿ, ಅಷ್ಟೇ."

ಮಗಳು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರೈಟಣ್ಣ ಕುರ್ಚಿಯಲ್ಲಿ ಕೂತರು. ಕಾಲು ಅದುರಿತು, ಬೆರಳು ತೊಡೆಯ ಮೇಲೆ ತಾಳ ಹಾಕಿತು. ಒಳಗಿಂದ ಮೊದಮೊದಲು ಮಗಳ ದನಿ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಕೈಮಾತಿನ ಪಾಳಿ ಬಂದಿದೆ ಎಂದು ಅವರಿಗೆ ತಿಳಿಯದ್ದೇನಲ್ಲ. ಆದರೆ ಸದ್ದಿಲ್ಲದ ಬಸ್ಸು ನಿಂತ ಬಸ್ಸು. ನಿಂತ ಬಸ್ಸಿನಿಂದ ಕಂಡಕ್ಟರು ಇಳಿಯಲೇಬೇಕು. ಬುದ್ಧಿಗಿಂತ ಮೊದಲು ಕಾಲು ಎದ್ದಿತು. ಇಳಿಯುವಾಗ ದುಡ್ಡಿನ ಚೀಲವನ್ನು ಸೀಟಿನ ಮೇಲೆ ಬಿಟ್ಟ ಕಂಡಕ್ಟರು ಎಲ್ಲೂ ಇಲ್ಲ. ಅದೇ ರೂಢಿಯ ಕೈ ಕಿಟಕಿಯಲ್ಲಿದ್ದ ಫೋನನ್ನು ಬಾಚಿ ಜೇಬಿಗೆ ಹಾಕಿತು.

ಬೀದಿಯ ತಿರುವಿನಲ್ಲಿ ಒಂದು ಲಾರಿ ಹಿಂದಕ್ಕೆ ಬರಲು ಒದ್ದಾಡುತ್ತಿತ್ತು. "ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ರೈಟಣ್ಣ ಲಾರಿಯ ಬೆನ್ನು ತಟ್ಟುತ್ತಿರುವಾಗ ಅವರ ಬೆನ್ನಿಗೆ ಒಂದು ಚಪ್ಪಲಿ ಬಂದು ಬಿತ್ತು.

ತಿರುಗಿದರೆ ಹೆಂಡತಿ! ಹೊಲಿಗೆಯ ಟೇಪು ಕೊರಳಲ್ಲೇ ಇತ್ತು, ಒಂದು ಕಾಲು ಬರಿಗಾಲು. ಬೆನ್ನು ತಿರುಗಿಸಿ ನಿಂತವನಿಗೆ ಕೈಮಾತು ಮುಟ್ಟಿಸಲು ಅವಳಿಗೆ ಬೇರೆ ದಾರಿ ಇರಲಿಲ್ಲ. ಅವಳ ಕೈ ಕಿವಿಗೆ ಹೋಯಿತು, ಮನೆಯ ಕಡೆ ತಿರುಗಿತು. ಫೋನು. ಮಗಳು.

ರೈಟಣ್ಣ ಜೇಬು ಮುಟ್ಟಿ ನೋಡಿಕೊಂಡರು. ವಯಸ್ಸು ಮರೆತು ಓಡಿದರು.

ಮಗಳು ತೆರೆದ ಕಂಪ್ಯೂಟರ್ ಹಿಡಿದು ಹೊಸ್ತಿಲಿಗೇ ಬಂದಿದ್ದಳು. ಕಣ್ಣು ತುಂಬಿತ್ತು. ಅಪ್ಪ ಹತ್ತಿರವಾದಂತೆ ಕತ್ತಲಾಗಿದ್ದ ತೆರೆಗೆ ಜೀವ ಬಂತು. ಅದರಲ್ಲಿ ಇಬ್ಬರು: ಕಿವಿ ಕೇಳದ, ಗಿಡ್ಡ ಕೂದಲಿನ ಪರೀಕ್ಷಕಿ, ಪಕ್ಕದಲ್ಲಿ ಕೈಮಾತು ಬಾರದ ಅಧಿಕಾರಿ. ಹಿಂದೆಯೇ ಬಂದು ಮಗಳ ಪಕ್ಕ ನಿಂತ ಹೆಂಡತಿಯ ಕೈಯಲ್ಲಿ ಬೈಗುಳ ಆಗಲೇ ಶುರುವಾಗಿತ್ತು. ತೆರೆಯಲ್ಲಿದ್ದ ಪರೀಕ್ಷಕಿ ಅದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಪಕ್ಕದ ಅಧಿಕಾರಿಯನ್ನು ತೋರಿಸಿ ಮಗಳಿಗೆ ಸನ್ನೆ ಮಾಡಿದಳು: ನಿನ್ನ ಅಮ್ಮನನ್ನು ನಿಲ್ಲಿಸಬೇಡ. ಅವರು ಆಡುವುದನ್ನೆಲ್ಲ ಇವರಿಗೆ ಹೇಳು. ಅದೇ ನಿನ್ನ ಪರೀಕ್ಷೆ.

"ಮನೆ ಜಗಳ..." ಎಂದು ಮಗಳ ಕೈ ತಡವರಿಸಿತು.

ರೋಗಿಗಳೂ ಮನೆಯವರ ಜೊತೆ ಜಗಳ ಆಡುತ್ತಾರೆ ಎಂದಿತು ಪರೀಕ್ಷಕಿಯ ಕೈ.

ಮಗಳು ಅಮ್ಮನ ಕೈಮಾತನ್ನು ಬಾಯಲ್ಲಿ ಹೇಳಲು ಶುರು ಮಾಡಿದಳು. "ನಿನ್ನ ಕಾಲು ಕಟ್ಟಿ ಮೂಲೇಲಿ ಕೂರಿಸ್ಬೇಕು. ಮಗಳ ಅನ್ನಕ್ಕೇ ಕಲ್ಲು ಹಾಕಿದ್ಯಲ್ಲ." ತಾಯಿಯ ಕೈ ಅಲ್ಲಿಗೆ ನಿಲ್ಲದೆ ಇನ್ನೇನೋ ಹೇಳಿತು. ಮಗಳು ಅಪ್ಪನ ಮುಖ ನೋಡಿದಳು.

"ಇದ್ದದ್ದು ಇದ್ದ ಹಾಗೇ ಹೇಳಮ್ಮ," ಎಂದರು ರೈಟಣ್ಣ.

"ಮದುವೆ ಆದಾಗಿಂದ ನೋಡ್ತಿದೀನಿ. ಒಂದಿನಾನೂ ಎದುರಿಗೆ ಕೂತು ನನ್ನ ಮಾತು ಪೂರ್ತಿ ಕೇಳಿಲ್ಲ. ನೀನು ಬಾಗಿಲ ಕಡೆ ತಿರುಗಿದ್ರೆ ನನ್ನ ಮಾತು ಅಲ್ಲಿಗೇ ಸಾಯುತ್ತೆ."

ಈ ಮಾತನ್ನು ಹೆಂಡತಿ ಎಷ್ಟು ಸಲ ಆಡಿದ್ದಳೋ! ಅವರು ಓರೆಗಣ್ಣಲ್ಲಿ ಕಂಡಿದ್ದರು, ಅಷ್ಟೆ. ಮಗಳ ದನಿಯಲ್ಲಿ ಅದು ಕಿವಿಗೆ ಬಿದ್ದಾಗ, ಹೆಂಡತಿಯ ಗಂಟಲನ್ನೇ ಮೊದಲ ಬಾರಿ ಕೇಳಿದಂತಾಗಿ ರೈಟಣ್ಣ ನಿಂತಲ್ಲೇ ನಿಂತರು. ಆಮೇಲೆ ಅವಳಿಗೆ ಮುಖ ಕೊಟ್ಟು, ಅವಸರವಿಲ್ಲದೆ ಕೈಯಾಡಿಸಿದರು.

"ಸದ್ದಿಲ್ದಿದ್ರೆ ಹೆದರಿಕೆ ಆಗುತ್ತೆ ಕಣೆ," ಎಂದಳು ಮಗಳು ಅಪ್ಪನ ಪರವಾಗಿ. "ಬಸ್ಸು ಎಲ್ಲೋ ನಿಂತುಬಿಟ್ಟಿದೆ, ನಾನೇ ರೈಟ್ ಹೇಳೋದು ಮರೆತಿದೀನಿ ಅನ್ಸುತ್ತೆ." ಒಂದು ಮಾತನ್ನೂ ಅವಳು ಬಿಡಲಿಲ್ಲ.

ತೆರೆಯಲ್ಲಿದ್ದ ಅಧಿಕಾರಿ ಮುಂದಕ್ಕೆ ಬಾಗಿದರು. "ಅದಕ್ಕೆ ನಿಮ್ಮಮ್ಮ ಏನಂದ್ರು?"

"ಕೂತ್ಕೋ ಅಂದ್ರು."

ಉಳಿದ ಸಂದರ್ಶನ ಮುಗಿಯುವವರೆಗೂ ರೈಟಣ್ಣ ಕಿಟಕಿಯ ಬಳಿ ಕೂತರು. ಫೋನು ಕಿಟಕಿಯಲ್ಲಿ, ಕೈಗಳು ತೊಡೆಯ ಕೆಳಗೆ. ಕಾಲು ಮಾತ್ರ ಅದುರುತ್ತಲೇ ಇತ್ತು. ಎದುರಿಗೆ ಕೂತು ಗುಂಡಿ ಹಾಕುತ್ತಿದ್ದ ಹೆಂಡತಿ, ತಲೆ ಎತ್ತದೆಯೇ ತನ್ನ ಪಾದವನ್ನು ಆ ಕಾಲಿನ ಮೇಲೆ ಇಟ್ಟಳು.

ಒಳಗಿನ ಬಾಗಿಲು ತೆರೆಯಿತು. ಮಗಳು ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದಳು: "ತಗೊಂಡ್ರು! ಸೋಮವಾರದಿಂದ ಕೆಲಸ. ಆದ್ರೆ ಮನೆಗೆ ವೈರ್ ಇರೋ ಇಂಟರ್ನೆಟ್ಟೇ ಹಾಕಿಸ್ಬೇಕಂತೆ."

"ಹಾಗಾದ್ರೆ ನನ್ನ ಫೋನು ಬೇಡ್ವಾ?"

"ಬೇಡ. ನಿಂಗೆ ಬಿಡುಗಡೆ. ರೈಟ್, ರೈಟ್!"

ರೈಟಣ್ಣ ಧಡಕ್ಕನೆ ಎದ್ದು ಬಾಗಿಲವರೆಗೂ ಹೋಗಿಬಿಟ್ಟರು. ಅಲ್ಲಿಂದ ತಿರುಗಿ ನೋಡಿದರೆ, ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಏನೋ ಹೇಳಲು ಕೈ ಎತ್ತಿದ್ದಳು. ಬೀದಿಯಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ಅವರು ವಾಪಸು ಬಂದು ಕೂತರು. ಅವಳ ಕೈ ಮಾತು ಮುಗಿಸಿ ಮಡಿಲಿಗೆ ಇಳಿಯುವವರೆಗೂ ಕಣ್ಣು ಕೀಳಲಿಲ್ಲ.