ನೀರಿನಿಂದ ಏಳುವ ಬಾತುಕೋಳಿ

ನಮ್ಮಣ್ಣ ಆ ಬಾತುಕೋಳಿ ಮರಿಯನ್ನು ಬೇಕೆಂದೇ ನೀರಿಗೆ ಬೀಳಿಸುತ್ತಿದ್ದ.

ಆಟ ಬಾರದೆ ಅಲ್ಲ. ವರ್ಷಗಟ್ಟಲೆ ಬಸ್ಸು ಓಡಿಸಿದವನಿಗೆ ಟಿವಿಯೊಳಗಿನ ಬೆರಳುದ್ದದ ಕಾರು ಯಾವ ಲೆಕ್ಕ? ತಿರುವುಗಳಲ್ಲಿ ಸಲೀಸಾಗಿ ಹೊರಳಿಸುತ್ತಿದ್ದ, ಎದುರಿಗೆ ಉರುಳಿ ಬರುವ ಕಲ್ಲಂಗಡಿಗಳನ್ನು ತಪ್ಪಿಸುತ್ತಿದ್ದ. ಆದರೆ ಕೊಳದ ಪಕ್ಕದ ದಾರಿ ಬಂತೆಂದರೆ ನಿಧಾನ ಮಾಡಿ, ಎಡಗಡೆಯ ಚಕ್ರವನ್ನು ಅಂಚಿಗೆ ತಂದು, ಅಲ್ಲಿಂದ ಕೆಳಕ್ಕೆ ಬಿಟ್ಟುಬಿಡುತ್ತಿದ್ದ. 'ಟುಂಯ್' ಎಂದು ಒಂದು ಸದ್ದು. ನೀಲಿ ನೀರು ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ದೊಡ್ಡದೊಂದು ಗುಳ್ಳೆ ಏಳುತ್ತಿತ್ತು, ಅದರೊಳಗೆ ಕೆಂಪು ಟೋಪಿಯ ಹಳದಿ ಮರಿ. ಗುಳ್ಳೆ ಒಡೆದು ಮರಿ ದಾರಿಯ ಮೇಲೆ ಇಳಿದು, ಪುಕ್ಕ ಕೊಡವಿಕೊಂಡು, ನೀರಿನ ಗುರುತೇ ಇಲ್ಲದ ಕಾರಿನಲ್ಲಿ ಕೂತು ಕಣ್ಣು ಮಿಟುಕಿಸುತ್ತಿತ್ತು. ಆಗ ಅಣ್ಣ ಉಸಿರು ಬಿಡುತ್ತಿದ್ದ. ಪಕ್ಕದಲ್ಲಿ ಕೂತ ನಾನೂ ಬಿಡುತ್ತಿದ್ದೆ. ಮತ್ತೆ ಅವನು ಕಾರನ್ನು ಅದೇ ಅಂಚಿಗೆ ತರುತ್ತಿದ್ದ.

"ಮದುವಿ ಮಾಡಿದ್ರ ಇಷ್ಟೊತ್ತಿಗೆ ಎರಡು ಮಕ್ಕಳ ತಂದಿ ಆಗಿರ್ತಿದ್ದ," ಎಂದು ಅವ್ವ ಒಲೆಯ ಮುಂದಿನಿಂದ ಗೋಡೆಗೆ ಹೇಳುವವಳಂತೆ ಹೇಳುತ್ತಿದ್ದಳು. "ಬಾತುಕೋಳಿ ಜೋಡಿ ಆಡಾಕ ಹತ್ಯಾನ. ಇವಳು ನೋಡಿದ್ರ ಬಿಎ ಓದಿದಾಕಿ, ಬಾಯಿ ತಕ್ಕೊಂಡು ಕುಂತಾಳ."

ಆ ಟಿವಿ ಗೇಮಿನ ಪೆಟ್ಟಿಗೆಯನ್ನು ಅಣ್ಣನೇ ಹಿಂದಿನ ವರ್ಷ ಹೊಸಪೇಟೆಯಿಂದ ತಂದಿದ್ದ, ಬೇಸಿಗೆ ರಜೆಗೆ ಕೊಟ್ಟೂರಿನ ನಮ್ಮ ಮನೆಗೆ ಬರುವ ಅಕ್ಕನ ಮಕ್ಕಳಿಗೆಂದು. ಅವರು ತಮ್ಮೂರು ಇಟ್ಟಿಗಿಗೆ ವಾಪಸು ಹೋದ ಮೇಲೆ ಅವ್ವ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಲ್ಮಾರದ ಮೇಲೆ ಇಟ್ಟಿದ್ದಳು. ಕೆರೆ ಏರಿಯ ಮೇಲೆ ಅದು ನಡೆದ ಮೇಲೆ, ಒಂದು ಮಧ್ಯಾಹ್ನ ಅಣ್ಣ ಸ್ಟೂಲು ಹತ್ತಿ ಅದನ್ನು ತಾನೇ ಇಳಿಸಿಕೊಂಡ.

ನಡೆದದ್ದು ಇಷ್ಟು. ನಾನಾಗ ಕೂಡ್ಲಿಗಿಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಣ್ಣ ಓಡಿಸುವ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ. ಆ ವರ್ಷ ನಮ್ಮ ಕಡೆಗೆ ಅಪರೂಪಕ್ಕೆ ಒಳ್ಳೆಯ ಮಳೆ. ರಸ್ತೆ ಹಾಯುವ ಏರಿಯ ಮಟ್ಟಕ್ಕೆ ದಾರಿಯ ಕೆರೆ ತುಂಬಿತ್ತು. ಎಲ್ಲರೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೀರು ನೋಡುವವರೇ. ಒಂದು ದಿನ ಎದುರಿಗೆ ಶೇಂಗಾ ಚೀಲ ಹೇರಿಕೊಂಡ ಲಾರಿ ಬಂತು. ಅದಕ್ಕೆ ದಾರಿ ಬಿಡಲು ಅಣ್ಣ ಎಡಕ್ಕೆ ಸರಿದ. ನೆನೆದಿದ್ದ ಏರಿಯ ಮಣ್ಣು ಚಕ್ರದ ಕೆಳಗೆ ಕುಸಿಯಿತು. ಬಸ್ಸಿನ ಮುಂದಿನ ಎಡ ಮೂಲೆ ನೀರಿನ ಮೇಲೆ ವಾಲಿ ನಿಂತಿತು.

"ಯಾರೂ ಅಲ್ಲಾಡಬ್ಯಾಡ್ರಿ," ಎಂದ ಅಣ್ಣ. ಕೂಗಲಿಲ್ಲ. "ಮುಂದಿದ್ದೋರು ಸಾವಕಾಶ ಹಿಂದಕ್ಕ ಹೋಗ್ರಿ. ಹಿಂದಿನ ಬಾಗಿಲಾಗ ಇಳೀರಿ. ಒಬ್ಬೊಬ್ರ."

ಹಿಂದಿನ ಬಾಗಿಲಲ್ಲಿ ಕಂಡಕ್ಟರ್ ನಿಂತು ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಇಳಿಸಿದ. ಒಬ್ಬ ಅಜ್ಜಿ ತನ್ನ ಕೋಳಿಯ ಬುಟ್ಟಿ ಬಿಟ್ಟು ಬರಲೊಲ್ಲೆನೆಂದು ಜಗಳ ತೆಗೆದಳು. ಅವಳನ್ನು ಬುಟ್ಟಿ ಸಮೇತ ಎತ್ತಿ ಇಳಿಸಿದರು. ನಾನು ಅಣ್ಣನ ಹಿಂದಿನ ಸೀಟಿನಲ್ಲೇ ಇದ್ದೆ.

"ನೀನೂ ನಡಿ," ಎಂದ ಅವನು, ಹಿಂತಿರುಗದೆ.

"ನೀನು?"

"ನಾ ಬ್ರೇಕಿನ ಮ್ಯಾಲಿಂದ ಕಾಲು ತೆಗದ್ರ ಆತೇನು? ನಡೀ ಅಂದ್ರ ನಡಿ."

ನಾನು ನಡೆದೆ. ಏರಿಯ ಮೇಲೆ ನಿಂತು ನೋಡಿದೆ. ಬಸ್ಸಿನಲ್ಲಿ ಅವನೊಬ್ಬನೇ. ಅವನ ಕಡೆಯ ಬಾಗಿಲು ತೆರೆಯಿತು. ಅವನು ಹಾರಿದ. ಅವನ ಕಾಲು ನೆಲ ಮುಟ್ಟಿದ್ದೇ ಬಸ್ಸು, ಎಮ್ಮೆ ನೀರಿಗೆ ಇಳಿಯುವ ಹಾಗೆ, ಯಾವ ಅವಸರವೂ ಇಲ್ಲದೆ ಕೆರೆಯೊಳಕ್ಕೆ ಇಳಿದು ಹೋಯಿತು. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ.

ಆದರೆ ನನ್ನ ತಲೆಯಲ್ಲಿ ಅದು ಹಾಗೆ ಮುಗಿಯುವುದಿಲ್ಲ. ಬಟ್ಟೆ ಒಣಹಾಕುವಾಗ, ಸಾರಿಗೆ ಉಪ್ಪು ಹಾಕುವಾಗ, ಏರಿಯ ಮೇಲೆ ನಾನು ಮತ್ತೆ ನಿಂತಿರುತ್ತೇನೆ. ಕೆಲವು ಸಲ ಅವನ ಬಾಗಿಲು ತೆರೆಯುತ್ತದೆ. ಕೆಲವು ಸಲ ತೆರೆಯುವುದಿಲ್ಲ. ತೆರೆಯದಿದ್ದಾಗ ಬಸ್ಸು ಅದೇ ನಿಧಾನದಲ್ಲಿ, ಅವನನ್ನು ಕೂರಿಸಿಕೊಂಡೇ ಇಳಿಯುತ್ತದೆ.

ಊರು ಅವನನ್ನು ಹೊಗಳಿತು. ಬಸ್ಸಿನ ಮಾಲೀಕರು ಮನೆಗೇ ಬಂದು, "ಜನ ಉಳಿದ್ರಲ್ಲಪ್ಪಾ, ಕಬ್ಬಿಣ ಹೋದ್ರ ಹೋಗ್ಲಿ. ಬೇರೆ ಗಾಡಿ ಐತಿ, ಬಾ," ಎಂದರು. ಅಣ್ಣ ಹೂಂ ಎಂದ. ಹೋಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿ ವಾಪಸು ಬರುತ್ತಿದ್ದ. ಕೂತಲ್ಲಿ ಬಲಗಾಲು ತಾನಾಗಿ ನೆಲವನ್ನು ಒತ್ತಿ ಹಿಡಿಯುತ್ತಿತ್ತು. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತರೂ ಅದರ ನರ ಬಿಗಿಯುತ್ತಿತ್ತು. ಅವ್ವ ಮಠದ ಅಯ್ಯನವರ ಹತ್ತಿರ ಕರೆದೊಯ್ದು ಅಂಜಿಕೆಗೆ ತಾಯತ ಕಟ್ಟಿಸಿದಳು. ಅವನು ಸ್ಟೀರಿಂಗ್ ಬಿಟ್ಟರೆ ಬೇರೆ ಏನನ್ನೂ ಕಲಿತವನಲ್ಲ, ಬೇರೆ ಏನನ್ನೂ ಇಷ್ಟಪಟ್ಟವನೂ ಅಲ್ಲ. ಅವನು ಮತ್ತೆ ಬಸ್ಸು ಹತ್ತುತ್ತಾನೋ ಇಲ್ಲವೋ ಎಂಬುದೊಂದೇ ಆಗ ನಮ್ಮ ಮನೆಯ ಮಾತು. ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನಾನೂ ಶಾಲೆಯ ಕೆಲಸ ಬಿಟ್ಟಿದ್ದೆ. ಏಕೆಂದು ನನ್ನನ್ನು ಯಾರೂ ಕೇಳಲಿಲ್ಲ. ಹುಡುಗಿ ಮನೆಯಲ್ಲಿ ಕೂತರೆ ಅದೊಂದು ಸುದ್ದಿಯಲ್ಲ.

ಹೀಗಾಗಿ ಮಧ್ಯಾಹ್ನ ಕರೆಂಟು ಬಂದರೆ ಇಬ್ಬರೂ ಟಿವಿಯ ಮುಂದೆ. ಕಣ್ಣುಬಿಟ್ಟ ಮೋಡಗಳು, ಬೆಂಡು ಬತ್ತಾಸಿನ ಬಣ್ಣದ ಗುಡ್ಡಗಳು, ನಗುವ ಮರಗಳು. ಹತ್ತಿರದಿಂದ ನೋಡಿದರೆ ಎಲ್ಲವೂ ಒಡ್ಡೊಡ್ಡಾದ ಬಣ್ಣದ ಚೌಕಗಳು. ಮೊದಲ ದಿನ ನನಗೂ ನಗು ಬಂದಿತ್ತು. ಅವನು ಬೀಳಿಸುವುದನ್ನು ಕಂಡ ಮೇಲೆ ಬರಲಿಲ್ಲ. ಅವನು ಏನು ಮಾಡುತ್ತಿದ್ದಾನೆಂದು ಕೇಳಬೇಕಾಗಿಯೇ ಇರಲಿಲ್ಲ. ನನ್ನ ತಲೆಯಲ್ಲಿ ತೆರೆಯದೆ ಉಳಿದ ಬಾಗಿಲಿಗೆ ಆ ಗುಳ್ಳೆ ಉತ್ತರವಾಗಿತ್ತು. ಬಿದ್ದದ್ದು ಎದ್ದು ಬರುತ್ತಿತ್ತು. ಪ್ರತಿ ಸಲವೂ ಬರುತ್ತಿತ್ತು.

ಆ ದಿನಗಳಲ್ಲೇ ಊರಿನ ಕಂಪ್ಯೂಟರ್ ಸೆಂಟರಿಗೆ ಟೈಪಿಂಗ್ ಕಲಿಯಲು ಸೇರಿದ್ದೆ. ಅಲ್ಲಿ ಕಾಲೇಜು ಹುಡುಗರು ಬಂದೂಕಿನ ಆಟ ಆಡುತ್ತಿದ್ದರು. ಬೂದಿ ಬಣ್ಣದ ಗೋಡೆ, ಕತ್ತಲ ಓಣಿ, ಗೋಡೆಗೆ ಚಿಮ್ಮುವ ರಕ್ತ. ಮನೆಯ ಬಾತುಕೋಳಿಯ ಸುದ್ದಿ ಹೇಳಿದ್ದಕ್ಕೆ ಒಬ್ಬ ನಕ್ಕ. "ಅದು ಕೂಸುಗಳ ಆಟ ಬಿಡ್ರಿ ಅಕ್ಕಾರ. ಇದು ನೋಡ್ರಿ, ದೊಡ್ಡೋರ ಆಟ." ನೋಡಿದೆ. ಪರದೆಯ ಮೇಲೆ ಮನುಷ್ಯರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಆಡುವವರು ಒಂದು ಕೈಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು. ಯಾರ ಉಸಿರೂ ನಿಂತದ್ದು ನನಗೆ ಕಾಣಲಿಲ್ಲ. ಸಾವನ್ನು ಪಕ್ಕದಿಂದ ಕಂಡಿರದವರಿಗೆ ಆ ಬೂದಿ ಬಣ್ಣ ದೊಡ್ಡವರದಾಗಿ ತೋರುತ್ತದೆ ಎಂದುಕೊಂಡೆ. ಹೇಳಿದ್ದರೆ ಅವನು ಇನ್ನೂ ನಗುತ್ತಿದ್ದ.

ಒಂದು ಮಧ್ಯಾಹ್ನ ಕಂಡಕ್ಟರ್ ಬಂದ. ಅಣ್ಣನ ವಾರಿಗೆಯವನು, ಬಾಯಿ ಮುಚ್ಚಿ ಗೊತ್ತಿಲ್ಲದವನು. ಹೊಸ ಗಾಡಿಗೆ ಬೇರೆ ಡ್ರೈವರನ್ನು ನೋಡುತ್ತಿದ್ದಾರೆ, ಈ ವಾರ ಬಾರದಿದ್ದರೆ ಹೋಯಿತು ಎಂದು ಹೇಳಲು ಬಂದಿದ್ದ. ಬಾಗಿಲಲ್ಲೇ ನಿಂತು ಟಿವಿ ನೋಡಿದ.

"ಏನ್ ಡ್ರೈವರ್ ಸಾಹೇಬ್ರ, ಬಾತುಕೋಳಿ ರೂಟಿಗೆ ಹಾಕ್ಯಾರೇನು ನಿಮ್ಮನ್ನ?"

"ಟಿಕೆಟ್ ತಗೊಂಡು ಕುಂದ್ರಲೇ," ಎಂದ ಅಣ್ಣ ಟಿವಿಯಿಂದ ಕಣ್ಣು ತೆಗೆಯದೆ.

"ಕುಂದ್ರತೀನಿ. ಮುಂದಿನ ಸ್ಟಾಪು ಯಾವುದು? ನೀರಾಗ ಐತೇನು?"

ಅಂದ ಮೇಲೆ ತಾನು ಏನಂದೆನೆಂದು ಅವನಿಗೇ ಗೊತ್ತಾಯಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಣ್ಣ ಆಟದ ಇನ್ನೊಂದು ರಿಮೋಟನ್ನು ಅವನ ಕಡೆ ಸರಿಸಿದ. ಕಂಡಕ್ಟರ್ ಚಪ್ಪಲಿ ಬಿಟ್ಟು ಬಂದು ಕೂತ.

ಅವನಿಗೆ ಆಟ ಬರುತ್ತಿರಲಿಲ್ಲ. ಕಾರು ಹೊರಳುವಾಗ ತಾನೂ ಹೊರಳುತ್ತಿದ್ದ. ಕೊಳದ ದಾರಿ ಬಂತು. ಅವನ ಬಾತುಕೋಳಿ ಅಂಚಿಗೆ ಹೋಯಿತು, ವಾಲಿತು. "ಅಯ್ಯಯ್ಯೋ! ಹಿಡೀರಲೇ, ಸತ್ತೆ!" ಎಂದು ಕಿರುಚಿದ. ಅದು ಆಟದ ಕಿರುಚಾಟವಾಗಿರಲಿಲ್ಲ. ಅವನ ಕೈ ಪಕ್ಕದಲ್ಲಿದ್ದ ಅಣ್ಣನ ರಟ್ಟೆಯನ್ನು ಹಿಡಿದುಬಿಟ್ಟಿತ್ತು, ಅಂದು ಬಾಗಿಲಲ್ಲಿ ಒಬ್ಬೊಬ್ಬರನ್ನು ಹಿಡಿದ ಹಾಗೆಯೇ. ಅವನೂ ಅಲ್ಲೇ ಇದ್ದವನು ಎಂಬುದು ಅವನ ಮಾತಿನ ಭರದಲ್ಲಿ ನಮಗೆ ಮರೆತೇ ಹೋಗಿತ್ತು.

ಅವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಿದ್ದಳು. ಮೂವರ ಮುಖ ನೋಡಿದಳು, ಟಿವಿ ನೋಡಿದಳು. ನಾವು ಸಣ್ಣವರಿದ್ದಾಗ ಅಂಗಳದಲ್ಲಿ ಬಿದ್ದು ಮೊಣಕಾಲು ಕೆತ್ತಿಕೊಂಡರೆ ನಮ್ಮ ಓಣಿಯ ತಾಯಂದಿರೆಲ್ಲ ಹೇಳುತ್ತಿದ್ದ ಮಾತನ್ನೇ, ಆಗಿನ ದನಿಯಲ್ಲೇ ಹೇಳಿದಳು.

"ಏನೂ ಆಗಿಲ್ಲ ಏಳ್ರೋ. ಇರುವಿ ಸತ್ತೈತಿ ನೋಡು, ಇರುವಿ. ಏಳ್ರಿ."

ಗುಳ್ಳೆ ಎದ್ದಿತು. ಬಾತುಕೋಳಿ ಪುಕ್ಕ ಕೊಡವಿತು. ಮೊದಲು ನಕ್ಕವನು ಅಣ್ಣ. ನಗು ಎಲ್ಲಿಗೋ ಹೋಗಿ ಬೇರೆ ಏನೋ ಆಯಿತು, ಅವನು ತೋಳಿನಲ್ಲಿ ಮುಖ ಒರೆಸಿಕೊಂಡ. ಕಂಡಕ್ಟರ್ ಕೆಮ್ಮಿ, ಮೆಲ್ಲಗೆ ಹೇಳಿದ, "ತಡಿಯಲೇ. ಇನ್ನೊಂದ್ ಸಲ ಬೀಳಸ್ತೀನಿ."

ಕರೆಂಟು ಹೋಗುವವರೆಗೆ ಬೀಳಿಸಿದೆವು. ನನ್ನ ಕೈಗೂ ರಿಮೋಟು ಬಂತು. ಅವ್ವ ರೊಟ್ಟಿ ಬಿಟ್ಟು ಹೊಸ್ತಿಲಲ್ಲೇ ಕೂತಿದ್ದಳು. ಪ್ರತಿ ಗುಳ್ಳೆಗೂ "ಎದ್ದಾ, ಎದ್ದಾ" ಎನ್ನುತ್ತಿದ್ದಳು. ಬಿದ್ದ ಮಗುವಿಗೆ ಇರುವೆ ತೋರಿಸುವವಳಿಗೆ ಮಗು ಬಿದ್ದದ್ದು ಗೊತ್ತಿರುತ್ತದೆ, ಮೊಣಕಾಲು ಉರಿಯುವುದೂ ಗೊತ್ತಿರುತ್ತದೆ. ಆದರೂ ಅದು ಏಳಲಿ ಎಂದು ಹಾಗೆ ಹೇಳುತ್ತಾಳೆ. ಬಣ್ಣ ಬಳಿದು, ಟೋಪಿ ಹಾಕಿ, ಆ ಮರಿಯನ್ನು ನೀರಿನಿಂದ ಎಬ್ಬಿಸಿದವರು ಯಾವ ದೇಶದವರೋ ತಿಳಿಯದು. ಅವರ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬೇಕು.

ಅಣ್ಣ ಆ ವಾರವೇ ಹೋದ. ಹಿಂದಿನ ದಿನ ಕೊಳದ ದಾರಿಯಲ್ಲಿ ಬಾತುಕೋಳಿಯನ್ನು ಬೀಳಿಸದೆ, ಅಂಚಿಗುಂಟ ಸಾವಕಾಶ ದಾಟಿಸಿ, ಟಿವಿ ಆರಿಸಿ ಎದ್ದಿದ್ದ. ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಅವನು ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕಂಡಕ್ಟರ್ ಹಿಂದಿನ ಬಾಗಿಲಿನಿಂದ "ರೈಟ್, ರೈಟ್, ಬಾತುಕೋಳಿ ರೈಟ್" ಎಂದು ಕೂಗಿದ. ಬಸ್ಸು ಹೋಯಿತು. ಸಂಜೆ ಅಣ್ಣ ಮನೆಗೆ ಬಂದು ಊಟಕ್ಕೆ ಕೂತಾಗ ನಾನು ಅವನ ಬಲಗಾಲನ್ನೇ ನೋಡುತ್ತಿದ್ದೆ. ಅದು ಸುಮ್ಮನೆ ಮಡಿಚಿಕೊಂಡು ಬಿದ್ದಿತ್ತು.

ನಾನು ಮತ್ತೆ ಬಸ್ಸು ಹತ್ತಿದ್ದು ಬಹಳ ದಿನಗಳ ನಂತರ.

ಪೆಟ್ಟಿಗೆ ಮತ್ತೆ ಸೀರೆಯ ತುಂಡು ಸೇರಿತು. ಅಣ್ಣನಿಗೆ ಮದುವೆಯಾಯಿತು, ಹರಪನಹಳ್ಳಿಯಲ್ಲಿ ಮನೆ ಮಾಡಿದ. ಈಗ ದೂರದ ರೂಟಿನ ದೊಡ್ಡ ಬಸ್ಸು ಓಡಿಸುತ್ತಾನೆ. ಹಬ್ಬಕ್ಕೆ ಬಂದರೆ ಮಾತಾಡುತ್ತೇವೆ, ಎಲ್ಲ ಅಣ್ಣ ತಂಗಿಯರಂತೆ, ಮಕ್ಕಳ ಶಾಲೆ, ಅವ್ವನ ಮಂಡಿನೋವು. ಆ ಮಧ್ಯಾಹ್ನಗಳ ಹಾಗೆ, ಒಂದೇ ಉಸಿರನ್ನು ಇಬ್ಬರೂ ಹಿಡಿದು ಇಬ್ಬರೂ ಬಿಟ್ಟ ಹಾಗೆ, ಆಮೇಲೆ ಎಂದೂ ಕೂತಿಲ್ಲ. ನನಗೆ ಆ ಆಟಕ್ಕಿಂತ ಹೆಚ್ಚಾಗಿ ಆ ಉಸಿರು ಬೇಕೆನಿಸುತ್ತದೆ.

ಮೊನ್ನೆ ಫೋನಿನಲ್ಲಿ ತಡೆಯಲಾರದೆ ಕೇಳಿದೆ, "ಅಣ್ಣಾ, ಆ ಬಾತುಕೋಳಿ ನೆನಪೈತೇನು?"

"ಯಾವ ಬಾತುಕೋಳಿ?"

"ಟಿವಿ ಗೇಮಿಂದು. ನೀರಿಗೆ ಬೀಳಸ್ತಿದ್ದೆಲ್ಲಾ."

ಅವನು ನೆನಪಿನಲ್ಲಿ ಹುಡುಕಿದ. "ಓ, ಅದಾ? ಹುಡುಗಾಟ ಬಿಡವ್ವಾ ಅದು," ಎಂದು ನಕ್ಕ. ಪೂರಾ ಮರೆತಿದ್ದ. ನನಗೆ ಅಳು ಬಂದಿತು, ಸಂತೋಷಕ್ಕೇ ಬಂದಿತೆಂದುಕೊಳ್ಳುತ್ತೇನೆ. ಅವನ ಬಾಗಿಲು ತೆರೆದಿತ್ತು, ಅವನು ಹಾರಿದ್ದ, ನಡೆದು ಮುಂದೆ ಹೋಗಿದ್ದ.

ಏರಿಯ ಮೇಲೆ ಈಗಲೂ ನಿಂತಿರುವವಳು ನಾನು. ಕೂಡ್ಲಿಗಿಗೆ ಹೋಗುವಾಗ ಬಸ್ಸು ಆ ಕೆರೆಯ ಹತ್ತಿರ ಬಂದರೆ ಕಣ್ಣು ಮುಚ್ಚುತ್ತೇನೆ. ಬ್ಯಾಗಿನ ಹಿಡಿಕೆಯ ಮೇಲೆ ಹೆಬ್ಬೆರಳು, ರಿಮೋಟಿನ ಗುಂಡಿಯ ಮೇಲಿದ್ದ ಹಾಗೆ, ತಾನಾಗಿ ಒತ್ತುತ್ತದೆ, ಗುಳ್ಳೆ ಏಳುವವರೆಗೆ.